ಏಳು ಪಂದ್ಯ, ಇಪ್ಪತ್ಮೂರು ನಿಮಿಷ

"ಮುಟ್ಟಿದ್ದೀನಿ ಸಾರ್" ಎಂದು ಎದುರಿಗೆ ಕೂತವನು ಮೂರನೆಯ ಸಲ ಹೇಳಿದಾಗ ವಂಶಿಕೃಷ್ಣನಿಗೆ ಅವನ ಮೇಲೆ ಸಿಟ್ಟು ಬಂತು. ಇಷ್ಟು ದಿನ ಪರದೆಯ ಮೇಲೆ ಬರೀ ಹೆಸರಾಗಿದ್ದವನು ಹೀಗೆ ಮೈ ಕೈ ತುಂಬಿಕೊಂಡು, ಶ್ರೀನಿವಾಸಪುರದಿಂದ ಬಸ್ಸು ಹತ್ತಿ, ಕೋಲಾರದ ಈ ಎರಡನೇ ಮಹಡಿಗೆ ಬಂದು ಕುರ್ಚಿ ಎಳೆದುಕೊಂಡು ಕೂರುವುದೆಂದರೆ ಏನರ್ಥ?

"ಎಷ್ಟು ಸಲ?"

"ಒಂದು ಸಲ."

"ಏಳು ಪಂದ್ಯದಲ್ಲಿ?"

"ಹೂಂ. ಆರು ಪಂದ್ಯದಲ್ಲಿ ಚೆಂಡು ನನ್ನ ಕಡೆ ಬರ್ಲೇ ಇಲ್ಲ. ಅದನ್ನ ನಾನೇ ಒಪ್ಕೋತೀನಿ. ಏಳನೇದ್ರಲ್ಲಿ ಮುಟ್ಟಿದ್ದೀನಿ."

ಸುಳ್ಳುಗಾರನಾಗಿದ್ದರೆ ಮೂರೋ ನಾಲ್ಕೋ ಹೇಳುತ್ತಿದ್ದ. ಆರು ಸೊನ್ನೆಗಳನ್ನು ತಾನಾಗಿ ಒಪ್ಪಿಕೊಂಡು ಒಂದೇ ಒಂದಕ್ಕಾಗಿ ಇಷ್ಟು ದೂರ ಬಂದವನು ನಿಜ ಹೇಳುತ್ತಿರಬಹುದು ಎಂದು ವಂಶಿಕೃಷ್ಣನಿಗೆ ಭಯವಾಯಿತು. ಅವನು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ.

ಬಂದವನ ಹೆಸರು ವೇಣುಗೋಪಾಲ್. ವಯಸ್ಸು ಮೂವತ್ತೊಂದು. ಏಳು ವರ್ಷದ ಹಿಂದೆ ದೇಶದ ವೃತ್ತಿಪರ ಫುಟ್‌ಬಾಲ್ ಲೀಗಿನಲ್ಲಿ ಒಂದು ಸೀಸನ್ ಆಡಿದ್ದ. ಆಡಿದ್ದ ಎಂಬುದು ಕೊಂಚ ಧಾರಾಳದ ಮಾತಾಯಿತು. ಏಳು ಪಂದ್ಯಗಳ ಕೊನೇ ಗಳಿಗೆಯಲ್ಲಿ ಬದಲಿಯಾಗಿ ಅಂಗಳಕ್ಕೆ ಇಳಿದಿದ್ದ. ಎಲ್ಲ ಸೇರಿ ಇಪ್ಪತ್ಮೂರು ನಿಮಿಷ. ಆಮೇಲೆ ಮೊಣಕಾಲು ಕೈಕೊಟ್ಟಿತು. ಲೀಗಿನ ಅಂಕಿಅಂಶಗಳ ಜಾಲತಾಣದಲ್ಲಿ ಅವನ ಹೆಸರಿನಲ್ಲಿ ಒಂದು ದಾಖಲೆ ಇದೆ: ಚೆಂಡನ್ನು ಒಮ್ಮೆಯೂ ಮುಟ್ಟದೆ ಅತಿ ಹೆಚ್ಚು ಪಂದ್ಯ ಆಡಿದವನು.

ಈ ದಾಖಲೆಯನ್ನು ಕಂಡುಹಿಡಿದವನು ವಂಶಿಕೃಷ್ಣನೇ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿಕೊಂಡು, ಲೆಕ್ಚರರ್ ಆಗುತ್ತೇನೆಂದು ಕಾದು ಕಾದು, ಕಡೆಗೆ ಈ ಕಂಪನಿಯಲ್ಲಿ ಹಳೆಯ ಪಂದ್ಯಗಳ ವಿಡಿಯೊ ನೋಡಿ ಯಾರು ಎಷ್ಟು ಸಲ ಚೆಂಡು ಮುಟ್ಟಿದರೆಂದು ಬರೆಯುವ ಕೆಲಸಕ್ಕೆ ಸೇರಿದವನಿಗೆ, ಅವತ್ತು ಎಂದೂ ಆಗದಷ್ಟು ಸಂತೋಷವಾಗಿತ್ತು. ಗೋಲು ಹೊಡೆದವರ ಪಟ್ಟಿಯಲ್ಲಿ ನಾಳೆ ಇನ್ನೊಬ್ಬ ಮೇಲಕ್ಕೆ ಹತ್ತಬಹುದು. ಆದರೆ ಎಂಟು ಪಂದ್ಯ ಆಡಿಯೂ ಮುಟ್ಟದವನು ಇನ್ನು ಹುಟ್ಟಿ ಬರಬೇಕು. ಬೆಂಗಳೂರಿನ ಮುಖ್ಯ ಕಚೇರಿಯ ಉಮಾಶಂಕರ್ ತಾವೇ ಫೋನು ಮಾಡಿ ಹೊಗಳಿದ್ದರು, ಒಂದು ಮೆಚ್ಚುಗೆಯ ಪತ್ರವನ್ನೂ ಕಳಿಸಿದ್ದರು.

ಪತ್ರವನ್ನು ಮನೆಯಲ್ಲಿ ಹೆಂಡತಿ ಸೌಪರ್ಣಿಕಾಗೆ ತೋರಿಸಿದಾಗ ಅವಳು "ಪಾಪ, ಯಾರಂತೆ ಅವನು?" ಎಂದು ಕೇಳಿ, ಇವನು ಉತ್ತರ ಹುಡುಕುವಷ್ಟರಲ್ಲಿ ಕುಕ್ಕರ್ ಕೂಗಿತೆಂದು ಎದ್ದು ಹೋಗಿದ್ದಳು. ಯಾರೆಂದು ಅವನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ಹತ್ತಿರದವನು ಎನ್ನಿಸಿದ್ದ. ಮುಳಬಾಗಿಲಿನಿಂದ ಕೋಲಾರಕ್ಕೆ ಬರುವ ಬಸ್ಸಿನಲ್ಲಿ ಎಷ್ಟೋ ಬೆಳಗ್ಗೆ ಅವನನ್ನು ನೆನೆದಿದ್ದಾನೆ. ಅಷ್ಟು ದೊಡ್ಡ ಹಸಿರು ಅಂಗಳ, ಎಲ್ಲರೂ ಚೆಂಡಿನ ಹಿಂದೆ. ಇವನೊಬ್ಬ ಮಾತ್ರ ಯಾವುದಕ್ಕೂ ಅಂಟಿಕೊಳ್ಳದೆ ಸುಮ್ಮನೆ ಓಡುತ್ತಿದ್ದಾನೆ. ನನ್ನಂಥವನು ಒಬ್ಬನಾದರೂ ಇದ್ದಾನಲ್ಲ ಎಂದು ಹಿತವಾಗುತ್ತಿತ್ತು.

ಈಗ ನೋಡಿದರೆ ಆ ಆಸಾಮಿ ಮುಟ್ಟಿದ್ದೇನೆ ಎನ್ನುತ್ತಿದ್ದಾನೆ.

"ಈಗ ಯಾಕೆ ಇದೆಲ್ಲ?" ಎಂದು ವಂಶಿಕೃಷ್ಣ ಕೇಳಿದ. "ಎಂಟು ತಿಂಗಳಿಂದ ಇದೆಯಲ್ಲ ಅದು."

"ನಮ್ಮೂರ ಹುಡುಗರು ಎಂಟು ತಿಂಗಳಿಂದ ನಗ್ತಾನೇ ಅವ್ರೆ ಸಾರ್, ಅದು ಪರವಾಗಿಲ್ಲ. ಮಾಲೂರಲ್ಲಿ ಒಂದು ಸ್ಕೂಲು. ಪಿ.ಟಿ. ಮೇಷ್ಟ್ರ ಕೆಲಸ. ಎಲ್ಲಾ ಆಗೋಗಿತ್ತು. ಸೆಕ್ರೆಟರಿ ಮೊಬೈಲಲ್ಲಿ ನನ್ನ ಹೆಸ್ರು ಹಾಕಿ ನೋಡಿದ್ರು. ಚೆಂಡೇ ಮುಟ್ಟದೋನು ಮಕ್ಕಳಿಗೆ ಏನಪ್ಪ ಕಲಿಸ್ತೀಯ ಅಂದ್ರು." ವೇಣುಗೋಪಾಲ್ ಗೋಡೆ ಗಡಿಯಾರ ನೋಡಿದ. "ಇವತ್ತು ಐದು ಗಂಟೆ ಒಳಗೆ ಸರಿ ಮಾಡಿಸ್ಕೊಂಡು ಬಾ, ಇಲ್ಲಾಂದ್ರೆ ಬೇರೆಯವರು ಕಾಯ್ತಾ ಅವ್ರೆ ಅಂದ್ರು."

ಗಂಟೆ ಎರಡೂವರೆಯಾಗಿತ್ತು.

"ಹೇಗೆ ಮುಟ್ಟಿದ್ರಿ?"

"ಎಡಗಾಲು. ಹೊರಗಿನ ಅಂಚು. ಚೆಂಡು ಗೆರೆ ದಾಟಿ ಹೊರಗೆ ಹೋಯ್ತು."

"ಹೊರಗೆ ಹೋಯ್ತಾ?"

"ಹೋಯ್ತು. ಎದುರು ಟೀಮಿಗೆ ಥ್ರೋ ಸಿಕ್ತು. ಆದ್ರೆ ನನ್ನ ಕಾಲಿಂದಾನೇ ಹೋಗಿದ್ದು."

ಇದನ್ನು ಅವನು ಎಷ್ಟು ಮೆತ್ತಗೆ ಹೇಳಿದನೆಂದರೆ, ಆ ಕಾಲು ಈಗಲೂ ಅಲ್ಲೇ ಗೆರೆಯ ಪಕ್ಕದಲ್ಲೇ ಇದೆಯೇನೋ ಅನ್ನಿಸಿತು. ವಂಶಿಕೃಷ್ಣನಿಗೆ ಅಸೂಯೆಯಾಯಿತು. ಅಸೂಯೆ ಪಡಬೇಕಾದದ್ದು ಅದರಲ್ಲಿ ಏನೂ ಇರಲಿಲ್ಲ.

"ವಿಡಿಯೊ ಇಲ್ಲ. ಎಣಿಸಿ ಆದ ಮೇಲೆ ಅಳಿಸ್ತೀವಿ. ಕಂಪ್ಯೂಟರಲ್ಲಿ ಜಾಗ ಸಾಲಲ್ಲ."

"ಹಂಗಾದ್ರೆ ನೋಡಿದೋರು ಯಾರೂ ಇಲ್ವಾ?"

ಇಲ್ಲ ಎಂದುಬಿಡಬಹುದಿತ್ತು. ನಾಲಗೆಯ ತುದಿಗೂ ಬಂದಿತ್ತು. ಆದರೆ ಅಷ್ಟರಲ್ಲಿ ಊಟದ ಡಬ್ಬಿ ತೊಳೆದುಕೊಂಡು ಸೆರಗಿನಲ್ಲಿ ಕೈ ಒರೆಸುತ್ತ ಭಾರತಮ್ಮ ಒಳಗೆ ಬಂದಳು.

ಭಾರತಮ್ಮ ಟೇಕಲ್ ಕಡೆಯವಳು. ಐವತ್ತೈದು ದಾಟಿದೆ. ಮೂವತ್ತು ವರ್ಷ ಕಣದಲ್ಲಿ ಕೂತು ರಾಗಿ ಅಳೆದವಳು. ಎಂಥ ಗಲಾಟೆಯಲ್ಲೂ ಅವಳ ಎಣಿಕೆ ತಪ್ಪಿದ್ದಿಲ್ಲ. ಡಿಗ್ರಿ ಓದಿದ ಹುಡುಗರ ಕಣ್ಣು ಹತ್ತು ನಿಮಿಷಕ್ಕೆ ಮಂಜಾಗುತ್ತಿದ್ದಾಗ, ಯಾರೋ ಹೇಳಿ ಈಕೆಯನ್ನು ಕರೆತಂದು ಪರದೆಯ ಮುಂದೆ ಕೂರಿಸಿದ್ದರು. ಫುಟ್‌ಬಾಲ್ ಯಾಕೆ ಆಡುತ್ತಾರೆ, ಯಾರು ಗೆದ್ದರು, ಇದೊಂದೂ ಅವಳಿಗೆ ಬೇಡ. ಒಬ್ಬ ಆಟಗಾರನ ಬೆನ್ನಿನ ನಂಬರು ಹೇಳಿದರೆ ಸಾಕು, ಅವನ ಮೇಲೆ ಕಣ್ಣಿಟ್ಟು, ಅವನು ಚೆಂಡು ಮುಟ್ಟಿದ ಹಾಗೆಲ್ಲ ಗಟ್ಟಿಯಾಗಿ ಎಣಿಸುತ್ತ ಹೋಗುತ್ತಾಳೆ. ಪಕ್ಕದಲ್ಲಿ ಹಾಳೆಯ ಮೇಲೆ ಕಣ್ಣಿಟ್ಟು ಕೂತ ವಂಶಿಕೃಷ್ಣ ಕೊನೆಗೆ ಕೇಳಿದ ಸಂಖ್ಯೆಯನ್ನು ಬರೆದುಕೊಳ್ಳುತ್ತಾನೆ. ಎರಡು ವರ್ಷದಿಂದ ಇದೇ ನಡೆದಿದೆ.

"ಭಾರತಮ್ಮ, ಇವರನ್ನ ಎಲ್ಲಾದ್ರೂ ನೋಡಿದ್ದೀರಾ?"

ಅವಳು ವೇಣುಗೋಪಾಲನ ಮುಖ ನೋಡಲಿಲ್ಲ, ಕಾಲು ನೋಡಿದಳು. "ಏ ಊರು ನಾಯ್ನಾ?" ಎಂದು ತೆಲುಗು ಬೆರೆಸಿ, ಮಗನನ್ನು ಕೇಳುವ ಹಾಗೆ ಕೇಳಿದಳು.

"ಸೀನಿವಾಸಪುರದ ಪಕ್ಕ ಅಮ್ಮಾ."

"ಎದ್ದೇಳು. ಆ ಗೋಡೆ ತಂಕ ಹೋಗಿ ಬಾ."

ಅವನು ಎದ್ದು, ಗೋಡೆಯವರೆಗೆ ಹೋಗಿ, ವರ್ಷದ ಕ್ಯಾಲೆಂಡರಿಗೆ ಮೂಗು ತಾಗುವಷ್ಟು ಹತ್ತಿರ ನಿಂತು, ತಿರುಗಿ ಬಂದ. ಪರೀಕ್ಷೆಗೆ ನಿಂತ ಮಗುವಿನ ಹಾಗೆ ಉಸಿರು ಬಿಗಿಹಿಡಿದಿದ್ದ.

"ಹದಿನೇಳು" ಎಂದಳು ಭಾರತಮ್ಮ. "ಬೆನ್ ಮೇಲೆ ಹದಿನೇಳು ಇತ್ತು. ಮಳೆ ಬಂದು ನಿಂತಿತ್ತು ಅವತ್ತು. ಎಡಗಾಲು ತಾಗಿಸ್ದೆ, ತಾಗಿಸಿ ಜಾರಿ ಬಿದ್ದೆ. ಎದ್ದು ಹಿಂದುಗಡೆ ಒರೆಸ್ಕೊಂಡೆ."

ವೇಣುಗೋಪಾಲನ ಕಿವಿ ಕೆಂಪಾಯಿತು. "ಹೌದು, ಬಿದ್ದೆ. ಅದನ್ನ ಹೇಳೋದು ಬೇಡ ಅನ್ಕೊಂಡಿದ್ದೆ" ಎಂದು ಕುರ್ಚಿಯಲ್ಲಿ ಕುಸಿದು ಎರಡೂ ಅಂಗೈಯಿಂದ ಮುಖ ಒರೆಸಿಕೊಂಡ. ಅವನಿಗೆ ಅಳು ಬಂದಿತ್ತು. ಇಷ್ಟು ದೊಡ್ಡ ಲೋಕದಲ್ಲಿ ಟೇಕಲ್‌ನ ಒಬ್ಬ ಹೆಂಗಸಾದರೂ ಅದನ್ನು ನೋಡಿದ್ದಳು.

"ಹಾಗಾದ್ರೆ ಅವತ್ತು ಯಾಕೆ ಹೇಳ್ಲಿಲ್ಲ?" ವಂಶಿಕೃಷ್ಣನ ದನಿ ಏರಿತು.

"ಹೇಳಿದ್ನಲ್ಲ ಸಾರು."

"ಏನಂತ ಹೇಳಿದ್ರಿ?"

"ಲಾಭ ಅಂತ."

ವಂಶಿಕೃಷ್ಣ ಅವಳನ್ನೇ ನೋಡಿದ.

"ರಾಗಿ ಅಳೆಯೋವಾಗ ಮೊದಲನೇ ಸೇರಿಗೆ ಒಂದು ಅನ್ಬಾರ್ದು ಸಾರು. ಲಾಭ ಅನ್ಬೇಕು. ಆಮೇಲೆ ಎರಡು, ಮೂರು. ಒಂದು ಅಂದ್ರೆ ಅದು ಒಂದರಲ್ಲೇ ನಿಂತೋಗ್ತದೆ ಅಂತ ನಮ್ಮತ್ತೆ ಹೇಳ್ಕೊಟ್ಟಿದ್ದು. ನಿಮಗೆ ಗೊತ್ತಿರ್ತದೆ ಅಂದ್ಕೊಂಡಿದ್ದೆ."

ಗೊತ್ತಿತ್ತು. ಅಳೆಯುವವರು ಲಾಭ ಎನ್ನುತ್ತಾರೆಂದು ಗೊತ್ತಿಲ್ಲದೆ ಏನು? ಆದರೆ ಅವನ ಮನೆಯ ಬುದ್ಧಿಯೇ ಬೇರೆ. ಮುಳಬಾಗಿಲಿನಲ್ಲಿ ತಲೆತಲಾಂತರದಿಂದ ಶಾನುಭೋಗಿಕೆ ಮಾಡಿದ ಮನೆ. ಅಪ್ಪ ಕೃಷ್ಣಮೂರ್ತಿ ಇವತ್ತಿಗೂ ಹಾಳೆಯ ತಲೆಯ ಮೇಲೆ ಶ್ರೀ ಎಂದು ಬರೆಯದೆ ಸಾಮಾನಿನ ಚೀಟಿಯನ್ನೂ ಬರೆಯುವುದಿಲ್ಲ. ಆ ಶ್ರೀ ಪಟ್ಟಿಯೊಳಗೆ ಸೇರುವುದಿಲ್ಲ. ಅದು ಶುರುವಿಗೆ ಮುಂಚೆ ದೇವರಿಗೆ ಸಲ್ಲುವ ಅಕ್ಷರ. ಭಾರತಮ್ಮನ ಲಾಭವೂ ಹಾಗೆಯೇ ಎಂದು ಅವನು ತಾನೇ ತೀರ್ಮಾನ ಮಾಡಿಕೊಂಡಿದ್ದ. ಲಾಭ ಎಂದಳು ಎಂದರೆ ಎಣಿಸಲು ಸಿದ್ಧಳಾಗಿದ್ದಾಳೆ ಎಂದರ್ಥ. ಆಮೇಲೆ ಎರಡು ಬಂದರೆ ಎರಡು ಬರೆದ, ಮೂವತ್ತು ಬಂದರೆ ಮೂವತ್ತು. ಏನೂ ಬರದಿದ್ದರೆ ಸೊನ್ನೆ. ಎರಡು ಮುಟ್ಟಿದವರು, ಇಪ್ಪತ್ತು ಮುಟ್ಟಿದವರು ಎಲ್ಲರೂ ಸರಿಯಾಗಿಯೇ ಇದ್ದಾರೆ. ಒಮ್ಮೆ ಮಾತ್ರ ಮುಟ್ಟಿದವರಷ್ಟೇ ಬಿದ್ದುಹೋಗಿದ್ದಾರೆ.

ಎರಡು ವರ್ಷ ಒಂದು ಮೊಳ ದೂರದಲ್ಲಿ ಕೂತು ದಿನಕ್ಕೆ ನೂರು ಸಲ ಆ ಮಾತು ಕೇಳಿದ್ದ. ಅದೇನು ಎಂದು ಒಂದು ದಿನವೂ ಕೇಳಿರಲಿಲ್ಲ. ಕೇಳಿದ್ದರೆ ಮಾತು ಬೆಳೆಯುತ್ತಿತ್ತು. ಅವಳ ಅತ್ತೆ, ಅವಳ ಊರು, ಅವಳ ಮೊಮ್ಮಗಳು, ಹೀಗೆ. ಅದಕ್ಕೆ ಹೆದರಿಯೇ ಕೇಳಿರಲಿಲ್ಲ ಎಂದು ಈಗ ಹೊಳೆದು ಅವನಿಗೆ ನಾಚಿಕೆಯಾಯಿತು.

ಬೆಂಗಳೂರಿಗೆ ಫೋನು ಮಾಡಿದ. ಉಮಾಶಂಕರ್ ಏನನ್ನೋ ಅಗಿಯುತ್ತಿದ್ದರು.

"ಒಂದೇ ಒಂದಾ? ಬದಲಾಯಿಸಿಬಿಡಿ. ಕಾರಣ ಕಣ್ತಪ್ಪು ಅಂತ ಹಾಕಿ."

"ಕಣ್ತಪ್ಪಲ್ಲ ಸಾರ್. ಎಣಿಸೋ ರೀತಿನೇ…"

"ನೀವಿಬ್ರೂ ಸೇರಿ ಬರೆದ ಸೊನ್ನೆ ಒಟ್ಟು ಎಷ್ಟಿವೆ?"

"ಇನ್ನೂರ ಹನ್ನೆರಡು."

"ಅದರಲ್ಲಿ ನಿಜವಾದ ಸೊನ್ನೆ ಯಾವುದು, ಒಂದು ಯಾವುದು?"

"ಹೇಳೋಕಾಗಲ್ಲ."

ಅಗಿಯುವ ಸದ್ದು ನಿಂತಿತು. "ಕಣ್ತಪ್ಪು ಅಂತಲೇ ಹಾಕಿ ವಂಶಿ" ಎಂದು ಉಮಾಶಂಕರ್ ಫೋನಿಟ್ಟರು.

"ನನ್ ಕಣ್ ತಪ್ಪಿಲ್ಲ ಸಾರು" ಎಂದಳು ಭಾರತಮ್ಮ.

"ಗೊತ್ತು."

"ಗೊತ್ತಿದ್ರೆ ಯಾಕಂಗೆ ಬರೀತೀರ?"

ವಂಶಿಕೃಷ್ಣ ಸೊನ್ನೆಯನ್ನು ಅಳಿಸಿ ಒಂದು ಎಂದು ಒತ್ತಿದ. ಮೂರೂ ಜನ ಪರದೆಗೆ ಬಗ್ಗಿದರು. ಪುಟ ಒಮ್ಮೆ ಬೆಳ್ಳಗಾಯಿತು. ಆಮೇಲೆ ಬಂದ ಪುಟದಲ್ಲಿ ವೇಣುಗೋಪಾಲನ ಹೆಸರಿರಲಿಲ್ಲ. ದಾಖಲೆಯ ಜಾಗದಲ್ಲಿ ಆರು ಪಂದ್ಯ ಆಡಿ ಚೆಂಡು ಮುಟ್ಟದ ಇನ್ನೊಬ್ಬ ಬಂದು ಕೂತಿದ್ದ.

"ನಾನೆಲ್ಲಿ ಸಾರ್?"

ಹೆಸರು ಹಾಕಿ ಹುಡುಕಿದರು. ಅಂಥ ಆಟಗಾರ ಇಲ್ಲ ಎಂದು ಬಂತು. ಆಗ ವಂಶಿಕೃಷ್ಣನಿಗೆ ನಿಯಮ ನೆನಪಾಯಿತು. ಒಟ್ಟು ತೊಂಬತ್ತು ನಿಮಿಷ ಆಡದವರ ಹೆಸರನ್ನು ಜಾಲತಾಣ ತೋರಿಸುವುದಿಲ್ಲ. ಯಾವುದಾದರೂ ದಾಖಲೆ ಇದ್ದರೆ ಮಾತ್ರ ತೋರಿಸುತ್ತದೆ. ವೇಣುಗೋಪಾಲನಿಗೆ ಇದ್ದದ್ದು ಅದೊಂದೇ ದಾಖಲೆ. ಒತ್ತುವ ಮುಂಚೆ ಇದು ತನಗೆ ನೆನಪಿರಲಿಲ್ಲವೆ, ಅಥವಾ ಇತ್ತೆ? ವಂಶಿಕೃಷ್ಣ ತನ್ನನ್ನೇ ಎರಡು ಸಲ ಕೇಳಿಕೊಂಡ. ಎರಡು ಸಲವೂ ನಂಬಿಕೆ ಬರುವಂಥ ಉತ್ತರ ಸಿಗಲಿಲ್ಲ.

ವಿಷಯ ಹೇಳಿದಾಗ ವೇಣುಗೋಪಾಲ್ "ಅಂದ್ರೆ ಮುಟ್ಟಿದ್ರೆ ಆಡೇ ಇಲ್ಲ. ಆಡಿದೀನಿ ಅನ್ನಬೇಕಾದ್ರೆ ಮುಟ್ಟಿರಬಾರ್ದು" ಎಂದ.

"ಹಾಗೇನೂ ಅಲ್ಲ. ತಾಂತ್ರಿಕವಾಗಿ…" ಎಂದು ಶುರುಮಾಡಿದ ವಂಶಿಕೃಷ್ಣ ಪುಟವನ್ನು ಇನ್ನೊಮ್ಮೆ ತೆರೆದು ನೋಡಿದ.

ಮೂರೂಕಾಲಿಗೆ ಮಾಲೂರಿನ ಸೆಕ್ರೆಟರಿಯೇ ಫೋನು ಮಾಡಿದ. ವೇಣುಗೋಪಾಲನ ಫೋನು ಹಳೆಯದು. ಸ್ಪೀಕರಿನಲ್ಲಿ ಹಾಕಿದರೆ ಮಾತ್ರ ಕೇಳಿಸುತ್ತಿತ್ತು.

"ಏನಪ್ಪ ವೇಣುಗೋಪಾಲ್, ನಿನ್ನ ಹೆಸರೇ ಹೊರಟೋಗಿದೆಯಲ್ಲ. ಸರಿ ಮಾಡಿಸ್ಕೊಂಡು ಬಾ ಅಂದ್ರೆ ತೆಗೆಸಿಬಿಟ್ಯಾ?"

"ಮುಟ್ಟಿದ್ದೀನಿ ಅಂತ ಒಪ್ಕೊಂಡ್ರು ಸಾರ್. ಅದಕ್ಕೇ ಹೋಯ್ತು."

"ಏನೋ ಒಂದು. ಈಗ ಕೇಳು. ನಮ್ಮ ಅಧ್ಯಕ್ಷರಿಗೆ ಬೆಳಗ್ಗೆ ತೋರಿಸಿದ್ದೆ. ಅವರು ಹೇಳಿದ್ರು, ಯಾವ ದಾಖಲೆ ಅಂತ ಯಾರು ನೋಡ್ತಾರೆ, ರಾಷ್ಟ್ರೀಯ ಲೀಗಿನ ದಾಖಲೆವೀರ ಅಂತ ಸ್ಕೂಲ್ ಬ್ರೋಷರಲ್ಲಿ ಹಾಕಿಬಿಡಿ ಅಂತ. ಐದು ಗಂಟೆಗೆ ಪ್ರಿಂಟಿಗೆ ಹೋಗ್ತದೆ. ನಿನ್ನ ಹೆಸರು ವಾಪಸ್ ಬಂದ್ರೆ ಕೆಲಸ ನಿಂದು. ಮುಟ್ಟೋದು ಬಿಡೋದು ನಮಗೆ ಬೇಡ."

ಫೋನು ಇಟ್ಟ ಮೇಲೆ ವೇಣುಗೋಪಾಲ್ ಅದನ್ನು ಮೇಜಿನ ಮೇಲೆ ಬೋರಲು ಹಾಕಿದ. "ಆರು ವರ್ಷ ಆಯ್ತು ಸಾರ್. ಅವರಿವರ ತೋಪಲ್ಲಿ ಮಾವಿನಕಾಯಿ ಕೀಳ್ತಾ ಇದೀನಿ. ಮನೇಲಿ ನನ್ನ ಶೂಸ್‌ನ ಇನ್ನೂ ಎತ್ತಿಟ್ಟಿದಾರೆ." ಪರದೆಯ ಕಡೆ ಕೈ ತೋರಿಸಿ, "ಮೊದಲಿನ ಥರಾನೇ ಮಾಡಿಬಿಡಿ" ಎಂದ.

ಮತ್ತೆ ಬೆಂಗಳೂರಿಗೆ ಫೋನು ಹೋಯಿತು. ಒಂದೇ ದಿನ ಎರಡು ಸಲ ತಿದ್ದಬೇಕಾದರೆ ಆಟಗಾರನ ಸ್ವಂತ ಹೇಳಿಕೆ ಬೇಕು, ಸಾಕ್ಷಿಯ ಸಹಿಯೂ ಬೇಕು ಎಂದರು ಉಮಾಶಂಕರ್. ಒಕ್ಕಣೆಯನ್ನು ವಂಶಿಕೃಷ್ಣನೇ ಸಿದ್ಧಮಾಡಿದ. ಶಾನುಭೋಗರ ರಕ್ತ, ಅಂಥ ವಾಕ್ಯಗಳು ಅವನಿಗೆ ಕೇಳದೆ ಬರುತ್ತಿದ್ದವು. ಮೇಲ್ಕಂಡ ಏಳು ಪಂದ್ಯಗಳಲ್ಲಿ ನಾನು ಚೆಂಡನ್ನು ಯಾವ ರೀತಿಯಿಂದಲೂ, ದೇಹದ ಯಾವ ಅಂಗದಿಂದಲೂ ಮುಟ್ಟಿರುವುದಿಲ್ಲ. ಇದು ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯ.

"ನಿಮ್ಮ ಕೈಯಲ್ಲೇ ಬರೀಬೇಕು" ಎಂದು ಹಾಳೆ ಮುಂದಿಟ್ಟ.

ವೇಣುಗೋಪಾಲ್ ನೋಡಿಕೊಂಡು ಬರೆಯತೊಡಗಿದ. ಬರವಣಿಗೆ ದುಂಡಗಿತ್ತು, ನಿಧಾನವಾಗಿತ್ತು. ಅಂಗದಿಂದಲೂ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಮೇಜಿನ ಕೆಳಗೆ ಅವನ ಎಡಗಾಲು ಅಲ್ಲಾಡುತ್ತಿತ್ತು. ವಂಶಿಕೃಷ್ಣ ಗಡಿಯಾರ ನೋಡಿದ. ಪೆನ್ನು ಮುಂದೆ ಹೋಯಿತು, ಕೊನೆಯಲ್ಲಿ ಸಹಿಯೂ ಬಿತ್ತು.

"ಸಾಕ್ಷಿ ನೀವು ಹಾಕಿ ಭಾರತಮ್ಮ. ನೋಡಿದೋರು ನೀವೇ."

"ನೋಡಿದ್ದೀನಲ್ಲ, ಅದಕ್ಕೇ ಹಾಕಲ್ಲ."

"ಇವರ ಕೆಲಸದ ಪ್ರಶ್ನೆ."

"ಕೆಲಸ ಸಿಗಲಿ ಸಾರು, ಬ್ಯಾಡ ಅಂದೋರು ಯಾರು? ನಾನು ಕಂಡಿದ್ದನ್ನ ಕಂಡಿಲ್ಲ ಅಂತ ಬರಿ ಅಂದ್ರೆ, ನಾಳೆಯಿಂದ ನನ್ ಎಣಿಕೆ ನಾನೇ ಹೆಂಗೆ ನಂಬ್ಲಿ?" ವೇಣುಗೋಪಾಲನ ಕಡೆ ತಿರುಗಿ, "ಕೋಪ ಮಾಡ್ಕೋಬೇಡ ನಾಯ್ನಾ" ಎಂದಳು.

"ಇಲ್ಲಮ್ಮ" ಎಂದ ಅವನು, ತಲೆ ಎತ್ತದೆ.

ಕಡೆಗೆ ಸಾಕ್ಷಿಯ ಜಾಗದಲ್ಲಿ ಏನನ್ನೂ ನೋಡದ ವಂಶಿಕೃಷ್ಣನೇ ಸಹಿ ಹಾಕಿದ. ಹಾಳೆಯ ಚಿತ್ರ ತೆಗೆದು ಕಳಿಸಿ, ಒಂದನ್ನು ಅಳಿಸಿ ಸೊನ್ನೆ ಒತ್ತಿದ. ಪುಟ ಬೆಳ್ಳಗಾಗಿ ತೆರೆದಾಗ ಹೆಸರು ಮೊದಲಿನ ಜಾಗದಲ್ಲೇ ಇತ್ತು. ಏಳು ಪಂದ್ಯ, ಇಪ್ಪತ್ಮೂರು ನಿಮಿಷ, ಸೊನ್ನೆ. ಅದನ್ನು ನೋಡಿ ತನ್ನ ಎದೆ ಹಗುರಾದದ್ದು ವಂಶಿಕೃಷ್ಣನಿಗೆ ಸ್ಪಷ್ಟವಾಗಿ ಗೊತ್ತಾಯಿತು. ಕಳೆದುಹೋಗಿದ್ದ ಏನೋ ವಾಪಸು ಸಿಕ್ಕಂಥ ಸಂತೋಷ. ಎದುರಿಗೆ ಆ ಮನುಷ್ಯ ಕೂತಿರುವಾಗಲೇ ಹೀಗೆ ಸಂತೋಷವಾಗುತ್ತಿದೆಯಲ್ಲ ಎಂದು ಅವನಿಗೆ ಹೆದರಿಕೆಯೂ ಆಯಿತು.

"ಬಂತಲ್ಲ ಸಾರ್" ಎಂದು ವೇಣುಗೋಪಾಲ್ ಎದ್ದ. ವಂಶಿಕೃಷ್ಣ ಕೈಕುಲುಕಲು ಕೈ ಚಾಚಿದ. ಅದೇ ಹೊತ್ತಿಗೆ ವೇಣುಗೋಪಾಲ್ ಎರಡೂ ಕೈ ಜೋಡಿಸಿದ್ದ. ಇವನು ಕೈ ಹಿಂದಕ್ಕೆಳೆದು ತಾನೂ ಮುಗಿಯುವಷ್ಟರಲ್ಲಿ ಅವನು ಮೆಟ್ಟಿಲಿಳಿಯುತ್ತಿದ್ದ.

"ನಾಲ್ಕು ಗಂಟೆ ಬಸ್ಸು ಸಿಗ್ತದಾ ಅವನಿಗೆ?" ಎಂದು ಭಾರತಮ್ಮ ಕಿಟಕಿಗೆ ಹೋದಳು. ಎರಡು ವರ್ಷದಲ್ಲಿ ಮೊದಲ ಸಲ ವಂಶಿಕೃಷ್ಣನೂ ಅವಳ ಪಕ್ಕದಲ್ಲಿ ಹೋಗಿ ನಿಂತ.

ಕೆಳಗೆ ರಸ್ತೆಯಲ್ಲಿ ಗದ್ದಲವೆದ್ದಿತ್ತು. ಮಾರ್ಕೆಟ್ಟಿಗೆ ಹೊರಟಿದ್ದ ಲಗೇಜ್ ಆಟೋ ಒಂದರ ಹಿಂಬಾಗಿಲು ಬಿಚ್ಚಿಕೊಂಡು, ಟೊಮೇಟೊ ಕ್ರೇಟುಗಳು ಒಂದರ ಮೇಲೊಂದು ಉರುಳಿ ಬಿದ್ದಿದ್ದವು. ರಸ್ತೆಯ ಇಳಿಜಾರಿಗೆ ಕೆಂಪು ಹಣ್ಣುಗಳು ನೂರಾರು, ಸಾವಿರಾರು ಉರುಳುತ್ತ ಬರುತ್ತಿದ್ದವು. ಅಂಗಡಿಯವರು ಓಡಿ ಬಂದರು. ಹೆಂಗಸರು ಸೆರಗೊಡ್ಡಿದರು. ಸ್ಕೂಟರಿನವನೊಬ್ಬ ಕಾಲು ಅಡ್ಡ ಇಟ್ಟು ನಾಲ್ಕನ್ನು ತಡೆದು ನಕ್ಕ. ಎಲ್ಲರೂ ಬಗ್ಗಿ ಆಯುತ್ತಿದ್ದರು.

ವೇಣುಗೋಪಾಲ್ ಬಸ್‌ಸ್ಟ್ಯಾಂಡಿನ ಕಡೆಗೆ ರಸ್ತೆ ದಾಟುತ್ತಿದ್ದ. ಬರುತ್ತಿದ್ದ ಹಣ್ಣುಗಳನ್ನು ನೋಡಿ ಒಂದು ಗಳಿಗೆ ನಿಂತ. ಆಮೇಲೆ ಎಡಗಾಲೆತ್ತಿ ಒಂದಕ್ಕೆ ದಾರಿ ಬಿಟ್ಟ, ಬಲಗಾಲೆತ್ತಿ ಇನ್ನೊಂದಕ್ಕೆ ಬಿಟ್ಟ. ಸೊಂಟ ಬಳುಕಿಸಿ, ತುದಿಗಾಲಲ್ಲಿ ತಿರುಗಿ, ಒಂದು ಹೆಜ್ಜೆ ಹಿಂದಿಟ್ಟು ಎರಡು ಹೆಜ್ಜೆ ಮುಂದಿಟ್ಟ. ಎಷ್ಟು ಚೆಂದದ ಕಾಲು ಎಂದು ವಂಶಿಕೃಷ್ಣ ಬೆರಗಾದ. ಇಂಥ ಕಾಲನ್ನು ಅವನು ಯಾವ ವಿಡಿಯೊದಲ್ಲೂ ನೋಡಿರಲಿಲ್ಲ. ಮೊಣಕಾಲು ಕೆಟ್ಟವನು ಎಂದು ಯಾರೂ ಹೇಳುವಂತಿರಲಿಲ್ಲ. ಒಂದು ಹಣ್ಣು ನೇರ ಅವನ ಶೂ ಕಡೆಗೇ ಬಂತು. ಅವನು ಕಾಲನ್ನು ಗಾಳಿಯಲ್ಲಿ ಹಿಡಿದು ನಿಂತು, ಅದು ಕೆಳಗಿನಿಂದ ಉರುಳಿ ಹೋಗುವವರೆಗೂ ಕಾದು, ಬರಿಯ ನೆಲ ನೋಡಿಕೊಂಡು ಮೆಲ್ಲಗೆ ಇಳಿಸಿದ.

ಭಾರತಮ್ಮ ಕಿಟಕಿಯ ಸರಳು ಹಿಡಿದು ನೋಡುತ್ತಿದ್ದಳು. ಅವಳ ಬಾಯಿ ಅರ್ಧ ತೆರೆದಿತ್ತು. ಲಾಭ ಎನ್ನುತ್ತಾಳೇನೋ ಎಂದು ವಂಶಿಕೃಷ್ಣ ಅವಳ ತುಟಿಯನ್ನೇ ಗಮನಿಸುತ್ತ ಕಾದ.

ಆಚೆ ಬದಿಯ ಫುಟ್‌ಪಾತು ಹತ್ತುವವರೆಗೂ ವೇಣುಗೋಪಾಲ್ ಒಂದನ್ನೂ ಮುಟ್ಟಲಿಲ್ಲ.